ವಜ್ರದಿಂದ ಶಾಖವನ್ನಳೆಯುವವರು

ಫೋನಿನ ಹೊಸ ಬಗೆಯ ಚಾರ್ಜರನ್ನು ಕೈಯಲ್ಲಿ ಹಿಡಿದವರಿಗೆ ಅದು ಬೆಚ್ಚಗಿರುವುದಷ್ಟೇ ತಿಳಿದೀತು. ಅಂಥ ಅನೇಕ ಚಾರ್ಜರುಗಳೊಳಗೆ ಗ್ಯಾಲಿಯಂ ನೈಟ್ರೈಡಿನ ಟ್ರಾನ್ಸಿಸ್ಟರುಗಳಿರುತ್ತವೆ. ಈ ಅರೆವಾಹಕವೇ ರೇಡಾರಿನಲ್ಲಿ, ಮೊಬೈಲ್ ಗೋಪುರದಲ್ಲಿ ಪೂರ್ಣ ಬಲದಿಂದ ದುಡಿಯುವಾಗ, ಕೂದಲೆಳೆಯ ನೂರರಲ್ಲೊಂದು ಪಾಲಿಗಿಂತ ಕಿರಿದಾದ ಒಂದು ತಾಣವು ಸುತ್ತಲಿನ ಭಾಗಕ್ಕಿಂತ ಬಹಳ ಹೆಚ್ಚಾಗಿ ಕಾಯುತ್ತದೆ. ಯಂತ್ರದ ಆಯುಸ್ಸನ್ನು ನಿರ್ಣಯಿಸುವುದು ಆ ತಾಣವೇ.

ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುವುದೆಂಬುದು ಇಂಜಿನಿಯರರ ಒರಟು ಲೆಕ್ಕ. ಈ ಲೆಕ್ಕದಂತೆ, ಅಳತೆಯು ಮೂವತ್ತು ಡಿಗ್ರಿ ಕಡಿಮೆ ತೋರಿಸಿದರೆ ಇಪ್ಪತ್ತು ವರ್ಷದ ಭರವಸೆಯು ಎರಡೂವರೆ ವರ್ಷಕ್ಕೆ ಇಳಿಯುತ್ತದೆ. ಅವಕೆಂಪು ಕ್ಯಾಮೆರಾ ಇಲ್ಲಿ ಸಾಲದು. ಅದು ಕೆಲವು ಮೈಕ್ರೋಮೀಟರಿನಷ್ಟು ಅಗಲವನ್ನು ಒಟ್ಟುಗೂಡಿಸಿ ಸರಾಸರಿಯನ್ನು ಹೇಳುತ್ತದೆ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮವನ್ನೇ ಉಪಯೋಗಿಸಿ, ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯ ಮೊದಲಾದೆಡೆಗಳಲ್ಲಿ ಇದಕ್ಕಿಂತ ಸೂಕ್ಷ್ಮವಾಗಿ ಅಳೆಯುತ್ತಾರೆ. ಈಗ ಅದರ ಜೊತೆಗೆ ವಜ್ರವೂ ಬಂದಿದೆ.

ವಜ್ರವು ಇಂಗಾಲದ ಹರಳು. ಅದರಲ್ಲಿ ಇಂಗಾಲದ ಒಂದು ಪರಮಾಣುವಿನ ಸ್ಥಾನಕ್ಕೆ ಸಾರಜನಕವು ಬಂದು, ನೆರೆಯ ಸ್ಥಾನವು ಬರಿದಾಗಿದ್ದರೆ, ಆ ಜೋಡಿಯು ಪುಟ್ಟ ಕಾಂತದಂತೆ ವರ್ತಿಸುತ್ತದೆ. ಹಸುರು ಬೆಳಕು ಬಿದ್ದಾಗ ಅದು ಕೆಂಪಾಗಿ ಹೊಳೆಯುತ್ತದೆ. ಸೆಕೆಂಡಿಗೆ ಸುಮಾರು 287 ಕೋಟಿ ಬಾರಿ ಕಂಪಿಸುವ ಮೈಕ್ರೋವೇವ್ ಅಲೆ ತಾಗಿದೊಡನೆ ಹೊಳಪು ಕುಂದುತ್ತದೆ. ವಜ್ರವು ಒಂದು ಡಿಗ್ರಿ ಕಾದರೆ ಈ ಸಂಖ್ಯೆಯು ಸುಮಾರು 74 ಸಾವಿರದಷ್ಟು ಇಳಿಯುತ್ತದೆ. ಕಾಂತಕ್ಷೇತ್ರವಿದ್ದಲ್ಲಿ ಒಂದು ಕುಂದು ಎರಡಾಗಿ ಒಡೆಯುತ್ತದೆ. ಅವೆರಡರ ಅಂತರವು ಹರಿಯುವ ವಿದ್ಯುತ್ತಿನ ಕಾಂತಬಲವನ್ನೂ, ಮಧ್ಯಬಿಂದುವು ಶಾಖವನ್ನೂ ತಿಳಿಸುತ್ತವೆ. ವಿದ್ಯುತ್ತು ಎಲ್ಲಿ ದಟ್ಟವಾಗಿ ಹರಿಯಿತು, ಎಲ್ಲಿ ಸುಟ್ಟಿತು ಎಂಬೆರಡು ಚಿತ್ರಗಳು ಒಂದೇ ಸಾಧನದಿಂದ ದೊರೆಯುವುದು ಸಾಮಾನ್ಯ ಲಾಭವಲ್ಲ.

ಆದರೆ ತೊಡಕೂ ಉಂಟು. ವಜ್ರವು ತಾಮ್ರಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಅದರ ಹಲ್ಲೆಯನ್ನು ಟ್ರಾನ್ಸಿಸ್ಟರಿನ ಮೇಲಿಟ್ಟರೆ, ಅಳೆಯಬೇಕಾದ ಶಾಖವನ್ನು ಅದೇ ಹೀರಿಬಿಡುತ್ತದೆ. ಜ್ವರ ನೋಡಲು ಬಂದವನು ರೋಗಿಯ ಹಣೆಗೆ ತಣ್ಣೀರು ಬಟ್ಟೆ ಹಾಕಿದಂತೆ! ಆದುದರಿಂದ ವಜ್ರದ ಅತಿಸೂಕ್ಷ್ಮ ಕಣಗಳನ್ನು ಚೆಲ್ಲಿ ನೋಡುವುದುಂಟು. ಆಗ ಪ್ರತಿ ಕಣವೂ ಬೇರೆ ದಿಕ್ಕಿಗೆ ಮುಖಮಾಡಿರುತ್ತದೆ; ಅದರೊಳಗಿನ ಬಿಗಿತವೂ ಬೇರೆ. ಒಂದೊಂದನ್ನೂ ಪರೀಕ್ಷಿಸಿ ಹೊಂದಿಸಿಕೊಳ್ಳಬೇಕು.

ಈ ತಾಳ್ಮೆಯ ಕೆಲಸವನ್ನು ಮಾಡುವವರಲ್ಲಿ ಹೆಚ್ಚಿನವರು ಡಾಕ್ಟರೇಟ್ ಪಡೆದು ಇನ್ನೂ ಸ್ಥಿರವಾದ ಹುದ್ದೆ ಸಿಗದ ತರುಣ ತರುಣಿಯರು. ನಮ್ಮ ದೇಶದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಷಿಪ್ಪಿನ ಅವಧಿ ಎರಡೇ ವರ್ಷ. ಉಪಕರಣವನ್ನು ತರಿಸಿ, ಹೊಂದಿಸಿ, ಅದರ ತಪ್ಪುಗಳನ್ನು ತಿಳಿಯುವಷ್ಟರಲ್ಲಿ ಅದರ ಬಹುಭಾಗವು ಕಳೆದುಹೋಗುತ್ತದೆ. ಕಲಿತವರು ಹೊರಡುತ್ತಾರೆ, ಬಂದವರು ಮೊದಲಿನಿಂದ ತೊಡಗುತ್ತಾರೆ.

ಬೆಂಗಳೂರಿಗೆ ಇದು ಹೊಸ ಕಥೆಯಲ್ಲ. 1940ರ ದಶಕದಲ್ಲಿ ರಾಮನ್ನರ ಪ್ರಯೋಗಶಾಲೆಯಲ್ಲಿ ಅನ್ನಾ ಮಣಿಯವರು ವಜ್ರ ಮತ್ತು ಮಾಣಿಕ್ಯಗಳ ಹೊಳಪನ್ನು ಅಭ್ಯಸಿಸಿದರು. ಒಂದೊಂದು ಛಾಯಾಚಿತ್ರಕ್ಕೆ ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಅವರು ನೋಡಿದುದು ಇಂದಿನ ಈ ಕಾಂತದ ಹೊಳಪನ್ನೇ ಎಂದು ನಾವು ಹೇಳುವುದಿಲ್ಲ. ಅದರ ಉಪಯೋಗವು ದಶಕಗಳ ಅನಂತರದ ಮಾತು. ಆದರೆ 1945ರಲ್ಲಿ ಅವರು ಒಪ್ಪಿಸಿದ ಪ್ರಬಂಧಕ್ಕೆ, ಎಂ.ಎಸ್ಸಿ. ಪದವಿಯಿಲ್ಲವೆಂಬ ಕಾರಣದಿಂದ, ಮದರಾಸು ವಿಶ್ವವಿದ್ಯಾನಿಲಯವು ಡಾಕ್ಟರೇಟನ್ನು ಕೊಡಲಿಲ್ಲ. ಅವರು ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕಲಿತುಬಂದು ಅಲ್ಲಿ ಕೀರ್ತಿ ಗಳಿಸಿದರು. ವಜ್ರವು ಅವರನ್ನು ಕಳೆದುಕೊಂಡಿತು.

2021ರಲ್ಲಿ ಕೇಂದ್ರ ಸರಕಾರವು ಅರೆವಾಹಕ ಉದ್ಯಮಕ್ಕೆ 76 ಸಾವಿರ ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಕಾರ್ಖಾನೆಗಳು ಬರಲಿ, ಅವು ಅವಶ್ಯವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಗ್ಯಾಲಿಯಂ ನೈಟ್ರೈಡಿನ ಕೆಲಸ ನಡೆದಿದೆ. ಆ ಟ್ರಾನ್ಸಿಸ್ಟರುಗಳು ಎಷ್ಟು ಕಾಯುತ್ತವೆಂದು ಅಳೆಯುವ ಕೈಗಳಿಗೆ ಎರಡು ವರ್ಷಕ್ಕೆ ಬದಲಾಗಿ ಐದು ವರ್ಷದ ನೇಮಕವನ್ನು ಕೊಡಲು ಈ ಮೊತ್ತದ ಎಷ್ಟನೆಯ ಪಾಲು ಬೇಕಾದೀತೆಂಬುದನ್ನು ಅಧಿಕಾರಿಗಳು ಲೆಕ್ಕಹಾಕಿ ನೋಡಲಿ.