ಹೊಟ್ಟೆಯಲ್ಲಿದ್ದಾಗಿನ ಹಸಿವು ಮೈ ಬಿಟ್ಟು ಹೋಗುತ್ತಾ?

ಅಮ್ಮನ ಹೊಟ್ಟೆಯಲ್ಲಿದ್ದಾಗ ಕಂಡ ಹಸಿವು
ಅರವತ್ತು ವರ್ಷದ ಮೇಲೂ ಮೈಯಲ್ಲಿ ಉಳಿಯುತ್ತಾ?

1944ರ ಚಳಿಗಾಲ. ನೆದರ್‌ಲ್ಯಾಂಡ್ಸ್.
ಜರ್ಮನ್ ಸೇನೆ ಆಹಾರ ಸಾಗಣೆ ತಡೆಯಿತು.
ಬಸುರಿಯರಿಗೂ ಹೊಟ್ಟೆ ತುಂಬ ಊಟ ಇಲ್ಲ.

ಆರು ದಶಕ ಕಳೆದು,
ಆಗ ಗರ್ಭದಲ್ಲಿದ್ದವರ ರಕ್ತ ಪರೀಕ್ಷಿಸಿದರು.
ಬಸಿರಿನ ಮೊದಮೊದಲಲ್ಲೇ ಬರ ಕಂಡವರಲ್ಲಿ,
ಬೆಳವಣಿಗೆಯ ಒಂದು ಜೀನ್ ಮೇಲಿನ ರಾಸಾಯನಿಕ ಗುರುತುಗಳು
ಬರ ಕಾಣದ ಒಡಹುಟ್ಟಿದವರಿಗಿಂತ ಕಡಿಮೆ ಇದ್ದವು!

ಜೀನ್ ಬದಲಾಗಿರಲಿಲ್ಲ, ನೋಡಿ.
ಹಾರ್ಮೋನಿಯಂ ಅದೇ, ಮನೆಗಳೂ ಅವೇ.
ಯಾವುದನ್ನು ಎಷ್ಟು ಒತ್ತಬೇಕು?
ಆ ಗುರುತು ಬದಲಾಗಿತ್ತು.

ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲೂ
1934ರಿಂದ ಹುಟ್ಟುತೂಕ ಬರೆದಿಟ್ಟಿದ್ದರು.
ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ನೋಡಿದರೆ,
ತೂಕ ಕಡಿಮೆ ಇದ್ದವರಲ್ಲೇ ಹೃದ್ರೋಗ ಹೆಚ್ಚು.

ಮನೆಯಲ್ಲಿ ಬಸುರಿ ಇದ್ದಾಳಾ?
ಎಲ್ಲರದೂ ಆದ ಮೇಲೆ ಉಳಿದದ್ದಲ್ಲ,
ಮೊದಲ ತಟ್ಟೆ ಅವಳಿಗೇ ಬಡಿಸಿ.