ಆಕಾಶದಿಂದ ಅಳೆದ ನಮ್ಮ ಸೀಮೆ

ಕಾವೇರಿ ನದಿ ಧರ್ಮಪುರಿ ಜಿಲ್ಲೆಯ ಪಡುವಣ ಅಂಚಿನಲ್ಲೇ ಹರಿಯುತ್ತದೆ. ಹಾಗಿದ್ದೂ ಆ ಜಿಲ್ಲೆಯ ಬಹುಪಾಲು ಹೊಲಗಳು ಮಳೆಯನ್ನೂ ಬಾವಿಯನ್ನೂ ನಂಬಿಕೊಂಡಿವೆ. ಪಕ್ಕದಲ್ಲೇ ನದಿಯಿದ್ದೂ ನೀರಿಲ್ಲವೇಕೆ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ತರಗತಿಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಅಲ್ಲಿ ಹೊಗೇನಕಲ್ಲಿಗೂ ಧರ್ಮಪುರಿಗೂ ನಡುವೆ ಒಂದು ಬೆರಳಿನಷ್ಟು ಜಾಗವೂ ಇಲ್ಲ. ಎತ್ತರವನ್ನು ತೋರಿಸುವ ಚಿತ್ರ ಬೇಕು. ಅಂಥ ಚಿತ್ರವನ್ನು ಈಗ ಶಾಲೆಯ ಗಣಕಯಂತ್ರದಲ್ಲೇ, ಒಂದು ಕಾಸೂ ಖರ್ಚಿಲ್ಲದೆ, ತೆರೆದು ನೋಡಬಹುದು. ಕನ್ನಡ ಪಾಠ ಹೇಳುವವರಿಗೆ ಈ ಉಸಾಬರಿ ಏಕೆಂದು ಯಾರಾದರೂ ಕೇಳಿಯಾರು. ಹೊಗೇನಕಲ್ ಎಂಬ ಹೆಸರೇ ಕನ್ನಡದ್ದು. ಹೊಗೆಯಂತೆ ನೀರಹನಿ ಏಳುವ ಕಲ್ಲು ಅದು. ನೀರು ಬಿದ್ದರೆ ತಾನೆ ಹೊಗೆ ಏಳುವುದು? ಆದ್ದರಿಂದ ಎತ್ತರದ ವಿಚಾರ ಆ ಹೆಸರಿನಲ್ಲಿಯೇ ಅಡಗಿದೆ.

ಈ ಎತ್ತರಗಳನ್ನು ಅಳೆದದ್ದು ಹೇಗೆ? 2000ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಎಂಬ ಗಗನನೌಕೆ 11 ದಿನ ಭೂಮಿಯನ್ನು ಸುತ್ತಿತು. ಅದರಲ್ಲಿ ಎರಡು ರೇಡಾರ್ ಆಂಟೆನಾಗಳಿದ್ದವು. ಒಂದು ನೌಕೆಯೊಳಗೆ, ಇನ್ನೊಂದು ಹೊರಕ್ಕೆ ಚಾಚಿದ 60 ಮೀಟರ್ ಉದ್ದದ ಕಂಬದ ತುದಿಯಲ್ಲಿ. ನೆಲಕ್ಕೆ ತಾಗಿ ಹಿಂದಿರುಗಿದ ಅಲೆ ಎರಡೂ ಆಂಟೆನಾಗಳಿಗೆ ತುಸು ವ್ಯತ್ಯಾಸದಿಂದ ತಲಪುತ್ತದೆ. ಆ ವ್ಯತ್ಯಾಸದಿಂದ ನೆಲದ ಎತ್ತರವನ್ನು ಲೆಕ್ಕಹಾಕುತ್ತಾರೆ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಯತ್ನಿಸಿ ನೋಡಿ, ಎರಡು ಕಣ್ಣುಗಳ ಪ್ರಯೋಜನ ತಿಳಿಯುತ್ತದೆ. ರೇಡಾರಿಗೆ ಮೋಡವೂ ಅಡ್ಡಿಯಲ್ಲ, ಇರುಳೂ ಅಡ್ಡಿಯಲ್ಲ. ನಮ್ಮ ಇಸ್ರೋ ಸಂಸ್ಥೆ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹ ಇದೇ ಕೆಲಸವನ್ನು ಎರಡು ಕ್ಯಾಮರಾಗಳಿಂದ ಮಾಡಿತು. ಒಂದು ಮುಂದಕ್ಕೆ ಬಾಗಿ, ಇನ್ನೊಂದು ಹಿಂದಕ್ಕೆ ಬಾಗಿ ಒಂದೇ ನೆಲದ ಚಿತ್ರ ತೆಗೆದವು. ಅದರಿಂದ ಸಿದ್ಧವಾದ ಎತ್ತರದ ಮಾಹಿತಿ ಇಸ್ರೋದ 'ಭುವನ್' ತಾಣದಲ್ಲಿ ದೊರೆಯುತ್ತದೆ.

ಇದನ್ನು ಚಿತ್ರವೆಂದು ಕರೆದರೂ ವಾಸ್ತವದಲ್ಲಿ ಇದು ಅಂಕಿಗಳ ಪಟ್ಟಿ. ನೆಲವನ್ನು ಸುಮಾರು 30 ಮೀಟರ್ ಉದ್ದಗಲದ ಚೌಕಗಳಾಗಿ ಸೀಳಿ, ಪ್ರತಿ ಚೌಕಕ್ಕೂ ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಒಂದೊಂದು ಅಂಕಿ ಬರೆದಿರುತ್ತಾರೆ. ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶದ ತುಂಡಿಗೆ ಒಂದು ಕಡತ. ಅದರಲ್ಲಿ ಉದ್ದಕ್ಕೆ 3601, ಅಗಲಕ್ಕೆ 3601, ಅಂದರೆ ಸುಮಾರು 1 ಕೋಟಿ 30 ಲಕ್ಷ ಅಂಕಿಗಳು! ತುಂಡಿನ ನೈರುತ್ಯ ಮೂಲೆಯೇ ಕಡತದ ಹೆಸರು. ಹೊಗೇನಕಲ್ ಇರುವುದು 'ಎನ್12ಇ077' ಎಂಬುದರಲ್ಲಿ, ಧರ್ಮಪುರಿ ಪಟ್ಟಣ 'ಎನ್12ಇ078' ಎಂಬುದರಲ್ಲಿ, ಸೇಲಂ ಮತ್ತು ಏರ್ಕಾಡು 'ಎನ್11ಇ078'ರಲ್ಲಿ, ಮೆಟ್ಟೂರು 'ಎನ್11ಇ077'ರಲ್ಲಿ. ನಮ್ಮ ಸೀಮೆಯನ್ನು ಇಡಿಯಾಗಿ ನೋಡಬೇಕಾದರೆ ನಾಲ್ಕು ಕಡತಗಳನ್ನೂ ತಂದು ಜೋಡಿಸಲೇಬೇಕು.

ಈ ತೊಂದರೆಗೆ ಕಾರಣ 78ನೆಯ ರೇಖಾಂಶ. ಅದು ಧರ್ಮಪುರಿ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಈ ಗೆರೆಗೆ ಇನ್ನೊಂದು ಹಿರಿಮೆಯೂ ಇದೆ. 1802ರಲ್ಲಿ ಮದರಾಸಿನಲ್ಲಿ ಅಳತೆ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದವರೆಗೆ ಭಾರತವನ್ನು ಅಳೆಯಲು ಆರಿಸಿಕೊಂಡದ್ದು ಸುಮಾರಾಗಿ ಇದೇ 78ನೆಯ ರೇಖಾಂಶದ ಜಾಡನ್ನು. ಅರ್ಧ ಟನ್ ತೂಗುವ ಥಿಯೊಡೊಲೈಟನ್ನು ಬೆಟ್ಟ ಬೆಟ್ಟಕ್ಕೆ ಹೊರಿಸಿಕೊಂಡು ಹೋಗಿ ಅಳೆದರು. ಹೊತ್ತವರ ಹೆಸರು ಪುಸ್ತಕಗಳಲ್ಲಿ ಕಾಣುವುದು ಅಪರೂಪ.

ಕಡತಗಳನ್ನು ತೆರೆಯಲು ಕ್ಯೂಜಿಐಎಸ್ ಎಂಬ ತಂತ್ರಾಂಶ ಸಾಕು. 2002ರಲ್ಲಿ ಆರಂಭವಾದ ಇದು ಎಲ್ಲರಿಗೂ ಉಚಿತ. ಮೊದಲು ತೆರೆದಾಗ ನಿರಾಶೆಯಾದೀತು. ಬೂದು ಬಣ್ಣದ ಮಬ್ಬು ಹಾಳೆ, ಅಷ್ಟೇ. ಎತ್ತರವಿದ್ದಲ್ಲಿ ಬಿಳುಪು, ತಗ್ಗಿದ್ದಲ್ಲಿ ಕಪ್ಪು. 'ಹಿಲ್‌ಶೇಡ್' ಎಂಬುದನ್ನು ಒತ್ತಿದ ಕೂಡಲೇ ಹಾಳೆಗೆ ಜೀವ ಬರುತ್ತದೆ. ವಾಯವ್ಯ ದಿಕ್ಕಿನಲ್ಲಿ ಒಬ್ಬ ಸೂರ್ಯನಿದ್ದಾನೆಂದು ಭಾವಿಸಿ ಗಣಕವು ಪ್ರತಿ ಇಳಿಜಾರಿಗೂ ಬೆಳಕು ನೆರಳು ಹಚ್ಚುತ್ತದೆ. ಅಂಥ ಸೂರ್ಯ ನಮ್ಮ ಊರಿನಲ್ಲಿ ವರ್ಷದ ಬಹುಪಾಲು ದಿನಗಳಲ್ಲಿ ಬೆಳಗಲಾರ. ಆದರೂ ಮೇಲಿನ ಎಡಮೂಲೆಯಿಂದ ಬೆಳಕು ಬಂದರೆ ಮಾತ್ರ ನಮ್ಮ ಕಣ್ಣು ಬೆಟ್ಟವನ್ನು ಬೆಟ್ಟವೆಂದು ಓದುತ್ತದೆ. ದಿಕ್ಕು ತಿರುಗಿಸಿ ನೋಡಿ, ಬೆಟ್ಟಗಳೆಲ್ಲ ಹಳ್ಳಗಳಂತೆ ಕಂಡಾವು. ಒಂದು ಎಚ್ಚರಿಕೆ: ಕಡತದಲ್ಲಿ ಉದ್ದಗಲ ಡಿಗ್ರಿಯಲ್ಲಿರುತ್ತದೆ, ಎತ್ತರ ಮೀಟರಿನಲ್ಲಿರುತ್ತದೆ. ಮೊದಲು ಎಲ್ಲವನ್ನೂ ಮೀಟರಿಗೆ ಪರಿವರ್ತಿಸಿಕೊಳ್ಳದಿದ್ದರೆ ನೆರಳು ಕೆಡುತ್ತದೆ. ಇಲ್ಲಿಯೂ 78ನೆಯ ರೇಖಾಂಶ ಅಡ್ಡ ಬರುತ್ತದೆ. ಪರಿವರ್ತನೆಗೆ ಬಳಸುವ 43 ಮತ್ತು 44ನೆಯ ವಲಯಗಳು ಕೂಡುವುದು ಅದರ ಮೇಲೆಯೇ. ನಾಲ್ಕೂ ತುಂಡುಗಳಿಗೆ 44ನೆಯದನ್ನೇ ಬಳಸಿಕೊಂಡರೆ ನಮ್ಮ ಕೆಲಸಕ್ಕೆ ಏನೂ ಕೊರತೆಯಾಗದು.

ಈಗ ಬಣ್ಣ ಹಚ್ಚಿ ನೋಡೋಣ. ಬಡಗಣದಿಂದ ತೆಂಕಣಕ್ಕೆ ನಮ್ಮ ಸೀಮೆ ಮೆಟ್ಟಿಲಿನಂತೆ ಇಳಿಯುತ್ತದೆ. ಹೊಸೂರು ಸುಮಾರು 900 ಮೀಟರ್. ಅದು ಬೆಂಗಳೂರಿನ ಪ್ರಸ್ಥಭೂಮಿಯ ಅಂಚು. ಅಲ್ಲಿಂದ ಇಳಿದರೆ ಕೃಷ್ಣಗಿರಿ, ಧರ್ಮಪುರಿಗಳ ನಡುಮೆಟ್ಟಿಲು, ಸುಮಾರು 500 ಮೀಟರಿನ ಆಸುಪಾಸು. ಹಳಬರು ಬಾರಾಮಹಲ್ ಎನ್ನುತ್ತಿದ್ದುದು ಈ ನಡುಮೆಟ್ಟಿಲನ್ನೇ. ಕೆಳಗಿನ ಮೆಟ್ಟಿಲು ಸೇಲಂ, ಸುಮಾರು 280 ಮೀಟರ್. ನಡುವೆ ತೊಪ್ಪೂರು ಘಟ್ಟ. ಭಾರದ ಲಾರಿಗಳು ಅಲ್ಲಿ ಹತೋಟಿ ತಪ್ಪಿ ಎಷ್ಟು ಜೀವಗಳು ಹೋಗಿವೆಯೆಂದು ಆ ದಾರಿಯಲ್ಲಿ ಓಡಾಡುವ ಪೋಷಕರಿಗೆ ಹೇಳಬೇಕಾಗಿಲ್ಲ. ಪರದೆಯ ಮೇಲೆ ಆ ಇಳಿಜಾರು ಗಾಢ ನೆರಳಿನ ಪಟ್ಟಿಯಾಗಿ ಕಾಣುತ್ತದೆ. 1965ರವರೆಗೆ ಈ ಮೂರು ಮೆಟ್ಟಿಲುಗಳೂ ಸೇಲಂ ಎಂಬ ಒಂದೇ ಜಿಲ್ಲೆಯಾಗಿದ್ದವು. ಆ ವರ್ಷ ಧರ್ಮಪುರಿಯೂ 2004ರಲ್ಲಿ ಕೃಷ್ಣಗಿರಿಯೂ ಬೇರೆ ಜಿಲ್ಲೆಗಳಾದವು.

ಇನ್ನು ನಮ್ಮ ಮೊದಲ ಪ್ರಶ್ನೆ. ಹೊಗೇನಕಲ್ಲಿನಿಂದ ಪೆನ್ನಾಗರಂ ಮೇಲೆ ಹಾದು ಧರ್ಮಪುರಿಗೆ ಒಂದು ಗೆರೆ ಎಳೆದು, ಆ ಗೆರೆಯುದ್ದಕ್ಕೂ ನೆಲದ ಏರಿಳಿತವನ್ನು ಬರೆಯಲು ಗಣಕಕ್ಕೆ ಹೇಳಿ. ಎಡತುದಿಯಲ್ಲಿ ಕಾವೇರಿ ಆಳವಾದ ಕಣಿವೆಯ ತಳದಲ್ಲಿರುತ್ತದೆ. ಮೆಟ್ಟೂರು ಜಲಾಶಯ ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ 790 ಅಡಿ, ಅಂದರೆ ಸುಮಾರು 241 ಮೀಟರ್. ಆ ಹಿನ್ನೀರು ಹೊಗೇನಕಲ್ಲಿನ ಹತ್ತಿರದವರೆಗೂ ಬರುತ್ತದೆ. ಹಾಗಾದರೆ ಅಲ್ಲಿನ ನದಿಯೂ ಸುಮಾರು 250 ಮೀಟರಿನಲ್ಲಿದೆಯೆಂದಾಯಿತು. ಧರ್ಮಪುರಿಯಾದರೋ 465 ಮೀಟರಿನಷ್ಟು ಮೇಲೆ. ನಡುವೆ 200 ಮೀಟರಿಗೂ ಮಿಗಿಲಾದ ಗೋಡೆ! ಅಲ್ಲಿ ಎಷ್ಟು ಉದ್ದದ ಕಾಲುವೆ ತೋಡಿದರೂ ನೀರು ತಾನಾಗಿ ಹತ್ತಲಾರದು.

ಲೆಕ್ಕದ ಪಾಠದವರು ಇದನ್ನೂ ಮಾಡಿ ನೋಡಬಹುದು. ಸಾವಿರ ಲೀಟರ್ ನೀರನ್ನು 200 ಮೀಟರ್ ಎತ್ತಲು, ಪಂಪಿನಲ್ಲಿ ಏನೂ ನಷ್ಟವಾಗದಿದ್ದರೂ, ಅರ್ಧ ಯೂನಿಟ್‌ಗೂ ಸ್ವಲ್ಪ ಹೆಚ್ಚು ವಿದ್ಯುತ್ ಬೇಕು. ಒಂದು ಎಕರೆ ಗದ್ದೆಗೆ ಎಷ್ಟು ಸಾವಿರ ಲೀಟರ್ ಬೇಕೆಂದು ಮನೆಯಲ್ಲಿ ಕೇಳಿ ಗುಣಿಸಿ. ಕುಡಿಯುವ ನೀರಿಗಾದರೆ ಆ ಖರ್ಚನ್ನು ಸಹಿಸಿಕೊಳ್ಳಲೇಬೇಕಾಯಿತು. ಧರ್ಮಪುರಿ, ಕೃಷ್ಣಗಿರಿಗಳ ಅನೇಕ ಊರುಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಬಹುಕಾಲ ಕುಡಿದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ದೊಡ್ಡವರ ಮೂಳೆ ಬಿರುಸಾಗಿ ಬೆನ್ನು ಬಾಗುತ್ತದೆ. ಜಪಾನಿನ ಸಾಲದ ನೆರವಿನಿಂದ ಕಟ್ಟಿದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ನೀರು ಮನೆಯ ನಲ್ಲಿಗೆ ಬರುವ ಮೊದಲು ಯಂತ್ರಗಳ ಬಲದಿಂದ ಆ ಗೋಡೆಯನ್ನು ಏರಬೇಕು. ನಲ್ಲಿ ತಿರುಗಿಸಿ ಬಿಟ್ಟು ಆಟಕ್ಕೆ ಓಡುವ ಮಕ್ಕಳಿಗೆ ಪೋಷಕರು ಈ ಚಿತ್ರವನ್ನು ಒಮ್ಮೆ ತೋರಿಸಲಿ.

ಶೇವರಾಯ ಬೆಟ್ಟವೂ ನೋಡತಕ್ಕದ್ದೇ. ಅದರ ನೆತ್ತಿ 1600 ಮೀಟರ್ ದಾಟುತ್ತದೆ. ಅಲ್ಲಿ ಹುಟ್ಟುವ ತಿರುಮಣಿಮುತ್ತಾರು ಸೇಲಂ ಪಟ್ಟಣದ ಮೂಲಕ ತೆಂಕಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಅದೇ ಬೆಟ್ಟದ ವಾಣಿಯಾರು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಏರ್ಕಾಡಿನ ಮಳೆ ಎರಡು ನದಿಗಳಿಗೆ ಹಂಚಿಹೋಗುವ ಜಲವಿಭಾಜಕ ಗೆರೆಯನ್ನು ಗಣಕ ತಾನೇ ಎಳೆದು ಕೊಡುತ್ತದೆ.

ಆದರೆ ಚಿತ್ರ ಹೇಳಿದ್ದೆಲ್ಲ ವೇದವಾಕ್ಯವಲ್ಲ. ದಟ್ಟ ಕಾಡಿದ್ದಲ್ಲಿ ರೇಡಾರ್ ಅಳೆಯುವುದು ಬಹುಮಟ್ಟಿಗೆ ಮರಗಳ ತಲೆಯನ್ನು. ಕಡಿದಾದ ಕಣಿವೆಯ ನೆರಳಿನಲ್ಲಿ ಕೆಲವು ಅಂಕಿಗಳು ಸಿಕ್ಕಿಯೇ ಇರಲಿಲ್ಲ. ಅವನ್ನು ಆಮೇಲೆ ಬೇರೆ ಆಧಾರಗಳಿಂದ ತುಂಬಿದ್ದಾರೆ. ಹೊಗೇನಕಲ್ಲಿನ ಜಲಪಾತ ಸುಮಾರು 20 ಮೀಟರ್ ಎತ್ತರದ್ದು. 30 ಮೀಟರಿನ ಚೌಕದಲ್ಲಿ ಅದು ಕರಗಿಹೋಗುತ್ತದೆ. ಅಲ್ಲಿ ಜಲಪಾತವನ್ನು ಹುಡುಕಿ ಬೇಸರಪಡಬೇಡಿ.

ಮೆಟ್ಟೂರಿನಲ್ಲಿ ಕಾಣುವುದು ನೀರಿನ ಮೇಲ್ಮೈ ಮಾತ್ರ, ನುಣುಪಾದ ಚಪ್ಪಟೆ ಹಾಳೆ. 1934ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳು ಅದರ ಅಡಿಯಲ್ಲಿವೆ. ಬರಗಾಲದಲ್ಲಿ ನೀರು ಇಳಿದಾಗ ಪಣ್ಣವಾಡಿಯ ಬಳಿ ಹಳೆಯ ಗುಡಿಯ ನಂದಿಯೂ ಚರ್ಚಿನ ಗೋಪುರವೂ ತಲೆಯೆತ್ತುತ್ತವೆ. ಆ ನೆಲದ ಏರುತಗ್ಗು ತಿಳಿಯಬೇಕೆಂದರೆ ಅಣೆಕಟ್ಟಿಗೆ ಮೊದಲಿನ ಕಾಗದದ ನಕ್ಷೆಗಳನ್ನೇ ಬಿಚ್ಚಬೇಕು.