ಊದಿರೋದು ಒಂದು ಕಾಲೋ, ಎರಡೂ ಕಾಲೋ?

ಓಎಂಆರ್ ಟ್ರಾಫಿಕ್ ದಾಟಿ ರಾತ್ರಿ ಮನೆಗೆ ಬಂದು ಶೂ ಬಿಚ್ಚಿದಾಗ, ಸಾಕ್ಸಿನ ಅಚ್ಚು ಕಾಲ ಮೇಲೆ ಹಾಗೇ ಉಳಿದಿರುತ್ತೆ, ನೋಡಿದೀರಾ? ಮೊಣಕಾಲ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳಿಂದ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಕೈ ತೆಗೆದ ಮೇಲೂ ಗುಳಿ ಉಳಿದ್ರೆ ಅಲ್ಲಿ ನೀರು ತುಂಬಿದೆ ಅಂತ ಅರ್ಥ.

ಕಾಲು ಊದಿದೆ ಅಂದ ತಕ್ಷಣ ಮನೆಯಲ್ಲಿ "ಉಪ್ಪು ಕಮ್ಮಿ ಮಾಡು, ಎಣ್ಣೆ ಹಚ್ಚಿ ತಿಕ್ಕು" ಅಂತಾರೆ. ಸ್ವಲ್ಪ ತಡೀರಿ. ಮೊದಲು ನೋಡಬೇಕಾದ್ದು, ಊದಿರೋದು ಒಂದು ಕಾಲೋ ಎರಡೂ ಕಾಲೋ, ಮತ್ತೆ ಎಷ್ಟು ದಿನದಲ್ಲಿ ಊದಿದ್ದು ಅನ್ನೋದು.

ಎರಡೂ ಕಾಲು ಸಂಜೆ ಊದಿ ಬೆಳಿಗ್ಗೆಗೆ ಇಳಿದ್ರೆ, ಹೆಚ್ಚಿನ ಸಲ ಅದು ಕೂತು ಕೆಲಸ ಮಾಡೋರ ಊತ. ಕಾಲಿನ ರಕ್ತ ಮೇಲೆ ಹತ್ತಬೇಕಾದ್ರೆ ಮೀನಖಂಡದ ಸ್ನಾಯು ಪಂಪಿನ ಥರ ಹಿಂಡಬೇಕು. ನಡೀದೇ ಕೂತ್ರೆ ಆ ಮೋಟಾರು ಆಫ್. ಇದಕ್ಕೆ ಚೆನ್ನೈ ಸೆಕೆ ಬೇರೆ ಸೇರುತ್ತೆ. ಬಿಸಿಲಿಗೆ ರಕ್ತನಾಳ ಹಿಗ್ಗಿ ನೀರು ಹೊರಗೆ ಜಿನುಗುತ್ತೆ. ಹಾಸನದಿಂದಲೋ ಶಿವಮೊಗ್ಗದಿಂದಲೋ ಮೇ ತಿಂಗಳಲ್ಲಿ ಬಂದ ಅಪ್ಪ ಅಮ್ಮನ ಪಾದ ಎರಡೇ ದಿನಕ್ಕೆ ದಪ್ಪಗಾಗೋದು ಇದರಿಂದಲೂ ಇರಬಹುದು.

ಹಾಗಂತ ಅವರ ಮಾತ್ರೆ ಡಬ್ಬಿ ನೋಡೋದನ್ನ ಮರೀಬೇಡಿ. ಬಿಪಿಗೆ ಕೊಡೋ ಅಮ್ಲೋಡಿಪಿನ್ ಎರಡೂ ಪಾದ ಊದಿಸೋದು ತೀರಾ ಸಾಮಾನ್ಯ, ಡೋಸ್ ಜಾಸ್ತಿ ಆದಷ್ಟೂ ಹೆಚ್ಚು. ನಮ್ಮ ಮನೆಯಲ್ಲೇ ಆಗಿದ್ದು ಹೇಳ್ತೀನಿ. ಹಿರಿಯರೊಬ್ಬರಿಗೆ ಈ ಊತಕ್ಕೆ ಅಂತ ಮೂತ್ರ ಹೋಗೋ ಮಾತ್ರೆ ಬರೆದುಕೊಟ್ರು. ಊತ ಇಳೀಲಿಲ್ಲ, ಸುಸ್ತು ಮಾತ್ರ ಶುರುವಾಯ್ತು. ಬಿಪಿ ಮಾತ್ರೆ ಬದಲಿಸಿದ ಮೇಲೆ ಪಾದ ಸರಿಹೋಯ್ತು. ಆದ್ರೆ ನೀವಾಗೇ ಬಿಪಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನ ಕೇಳಿ ಬದಲಿಸಿ. ನೋವಿನ ಮಾತ್ರೆ ದಿನಾ ನುಂಗೋರಿಗೂ ದೇಹದಲ್ಲಿ ನೀರು ನಿಲ್ಲುತ್ತೆ.

ಬೆಳಿಗ್ಗೆಯೂ ಇಳಿಯದ ಊತ ಬೇರೆ ಕಥೆ. ಜೊತೆಗೆ ಮಲಗಿದ್ರೆ ಉಸಿರು ಕಟ್ಟುತ್ತೆ, ಎರಡು ದಿಂಬು ಬೇಕು ಅಂದ್ರೆ ಹೃದಯ ನೋಡಿಸಬೇಕು. ಬೆಳಿಗ್ಗೆ ಕಣ್ಣ ರೆಪ್ಪೆ ಊದಿ, ಮೂತ್ರದಲ್ಲಿ ನೊರೆ ಇದ್ರೆ ಕಿಡ್ನಿ. ಹೊಟ್ಟೆಯೂ ದೊಡ್ಡದಾಗ್ತಿದ್ರೆ ಲಿವರ್. ಗರ್ಭಿಣಿಯರಿಗೆ ಪಾದ ಊದೋದು ಸಹಜ. ಆದ್ರೆ ಮುಖ, ಕೈ ಇದ್ದಕ್ಕಿದ್ದಂತೆ ಊದಿ ತಲೆನೋವು ಬಂದ್ರೆ ಅವತ್ತೇ ಬಿಪಿ ನೋಡಿಸಿ.

ಈಗ ನನಗೆ ಹೆದರಿಕೆ ಇರೋ ವಿಷಯ: ಒಂದೇ ಕಾಲು, ಅದೂ ಎರಡು ಮೂರು ದಿನದಲ್ಲಿ ಊದಿ, ಮೀನಖಂಡ ನೋಯ್ತಿದ್ರೆ. ಒಳಗಿನ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. 2003ರಲ್ಲಿ ನ್ಯೂಜಿಲೆಂಡಿನ ವೈದ್ಯರು 32 ವರ್ಷದ ಒಬ್ಬನ ಕೇಸ್ ಪ್ರಕಟಿಸಿದ್ರು. ದಿನಕ್ಕೆ 12 ಗಂಟೆ, ಕೆಲವು ದಿನ 18 ಗಂಟೆವರೆಗೂ ಕಂಪ್ಯೂಟರ್ ಮುಂದೆ ಕೂರ್ತಿದ್ದವನು. ಮೊದಲು ಮೀನಖಂಡ ಊದ್ತು, ಆಮೇಲೆ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಬಂತು. ರಿಲೀಸ್ ವಾರದಲ್ಲಿ ನಾವೂ ಹಾಗೇ ಕೂರೋದಲ್ವಾ? ಶುಕ್ರವಾರ ರಾತ್ರಿ ಬೆಂಗಳೂರು ಬಸ್ಸು, ಭಾನುವಾರ ರಾತ್ರಿ ವಾಪಸ್, ಅಲ್ಲೂ ಆರೇಳು ಗಂಟೆ ಕೂತೇ ಇರ್ತೀವಿ. 4 ಗಂಟೆ ಮೀರಿದ ಪ್ರಯಾಣಕ್ಕೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಎಲ್ಲರಿಗೂ ಆಗಲ್ಲ, ತೀರಾ ಅಪರೂಪ. ಆದ್ರೆ ಗರ್ಭನಿರೋಧಕ ಮಾತ್ರೆ ತಗೊಳ್ಳೋರು, ಇತ್ತೀಚೆಗೆ ಆಪರೇಷನ್ ಆದೋರು, ದಪ್ಪ ಇರೋರು ಹುಷಾರು. ಇಂಥ ಕಾಲನ್ನ ತಿಕ್ಕಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಡಾಪ್ಲರ್ ಸ್ಕ್ಯಾನ್ ಕೇಳಿ. ಉಸಿರಾಟ ಕಷ್ಟ, ಎದೆನೋವು ಬಂದ್ರೆ ಕ್ಯಾಬ್ ಬುಕ್ ಮಾಡ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ತಮಿಳುನಾಡಲ್ಲೂ ಅದೇ ನಂಬರು.

ಒಂದೇ ಕಾಲು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದ್ರೆ ಚರ್ಮದ ಸೋಂಕು. ಶುಗರ್ ಇರೋರು ಇದಕ್ಕೂ ಕಾಯಬಾರದು.

ಇನ್ನೊಂದು, ವರ್ಷಗಟ್ಟಲೆ ನಿಧಾನವಾಗಿ ಬೆಳೆಯೋ ಆನೆಕಾಲು. ಇಲ್ಲಿ ಯಾನೈಕ್ಕಾಲ್ ಅಂತಾರೆ. ಸೊಳ್ಳೆಯಿಂದ ಹರಡೋ ಫೈಲೇರಿಯಾ ಹುಳ ಇದಕ್ಕೆ ಕಾರಣ. ಬೀದರ್, ಕಲಬುರಗಿ, ಯಾದಗಿರಿ ಕಡೆಯೋರಿಗೆ ಹೇಳಬೇಕಾಗಿಲ್ಲ. ಊರಲ್ಲಿ ಆರೋಗ್ಯ ಕಾರ್ಯಕರ್ತರು ಇದಕ್ಕೆ ಮಾತ್ರೆ ಕೊಡೋಕೆ ಬಂದಾಗ ನಮ್ಮೋರು "ನಮಗೇನಾಗಿದೆ" ಅಂತ ಜೇಬಿಗೆ ಹಾಕ್ಕೋತಾರೆ. ನುಂಗಿ ಅಂತ ಇಲ್ಲಿಂದಲೇ ಫೋನ್ ಮಾಡಿ ಹೇಳಿ. ಈಗಾಗಲೇ ಊದಿದ ಕಾಲಿಗೂ ದಾರಿ ಇದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಕಾಲು ತೊಳೆದು ಒಣಗಿಸೋದು, ಆಯುರ್ವೇದ, ಯೋಗ, ಬಿಗಿ ಬ್ಯಾಂಡೇಜ್ ಎಲ್ಲ ಸೇರಿಸಿ ಊತ ಇಳಿಸ್ತಾರೆ.

ಇಲ್ಲಿನ ಕ್ಲಿನಿಕ್ಕಲ್ಲಿ ತಮಿಳು ಬರಲ್ಲ ಅಂತ ಸುಮ್ಮನಿರಬೇಡಿ. "ಕಾಲ್ ವೀಂಗಿರುಕ್ಕು" ಅನ್ನಿ, ಸಾಕು. ಒಂದು ಕಾಲಾದ್ರೆ "ಒರು ಕಾಲ್", ಎರಡಾದ್ರೆ "ರೆಂಡು ಕಾಲುಂ". ತಗೊಳ್ತಿರೋ ಎಲ್ಲ ಮಾತ್ರೆಗಳ ಫೋಟೋ ಮೊಬೈಲಲ್ಲಿ ಇಟ್ಟುಕೊಂಡು ಹೋಗಿ.